ಗುಲಗಂಜಿ ತೂಕದ ನಂಜು

ಮೈಸೂರಿನಿಂದ ದಕ್ಷಿಣಕ್ಕೆ 23 ಕಿಲೋಮೀಟರು ಸಾಗಿದರೆ ಕಪಿಲೆಯ ದಡದಲ್ಲಿ ನಂಜನಗೂಡು. ಹಾಲಾಹಲವನ್ನು ಕುಡಿದು ಕಂಠದಲ್ಲಿಯೇ ತಡೆದ ಶಿವನಿಗೆ ಇಲ್ಲಿ ನಂಜುಂಡನೆಂದೂ ಶ್ರೀಕಂಠೇಶ್ವರನೆಂದೂ ಹೆಸರು. ಅವನ 120 ಅಡಿಯ ಗೋಪುರದ ಮುಂದೆ ತಲೆಯೆತ್ತಿ ನಿಲ್ಲುವ ಯಾತ್ರಿಕರಲ್ಲಿ ರೋಗಶಮನದ ಹರಕೆ ಹೊತ್ತು ಬಂದವರು ಬಹುಮಂದಿ. ಟಿಪ್ಪು ಸುಲ್ತಾನನ ಆನೆಯ ಕಣ್ಣುಬೇನೆ ಈ ದೇವರ ಸೇವೆಯಿಂದ ವಾಸಿಯಾಯಿತೆಂದೂ, ಅಂದಿನಿಂದ ಸುಲ್ತಾನನು ಈತನನ್ನು ‘ಹಕೀಂ ನಂಜುಂಡ’ನೆಂದು ಕರೆದನೆಂದೂ ಪ್ರತೀತಿ. ವಿಷವುಂಡವನೇ ವೈದ್ಯನಾದ ಊರಿದು! ಬಿ. ವಿ. ಪಂಡಿತರು 1913ರಲ್ಲಿ ತಮ್ಮ ಸದ್ವೈದ್ಯಶಾಲೆಯನ್ನು ತೆರೆದದ್ದೂ ಇಲ್ಲಿಯೇ. ಅವರ ಹಲ್ಲುಪುಡಿಯ ದೆಸೆಯಿಂದ ಗೋಪುರವನ್ನು ಕಾಣದವರ ಬಚ್ಚಲುಮನೆಗೂ ನಂಜನಗೂಡಿನ ಹೆಸರು ತಲುಪಿತು.

ನಂಜಿಗೂ ಮದ್ದಿಗೂ ಇರುವ ಈ ನೆಂಟಸ್ತಿಕೆ ಕನ್ನಡದ ನಾಲಗೆಗೆ ಹೊಸದಲ್ಲ. ಮದ್ದೆಂದರೆ ಔಷಧ, ‘ಮದ್ದು ಹಾಕಿದರು’ ಎಂದರೆ ಮಾತ್ರ ಊಟದಲ್ಲಿ ಗುಟ್ಟಾಗಿ ಕೇಡು ಬೆರೆಸಿದರೆಂದು ಅರ್ಥ. ಇಂಗ್ಲಿಷಿನ ‘ಡ್ರಗ್’ ಶಬ್ದದ ಹಣೆಬರಹವೂ ಇದೇ. ಔಷಧದಂಗಡಿಯಲ್ಲಿ ಅದು ಮರ್ಯಾದಸ್ಥ. ಬೀದಿಯ ಮೂಲೆಯಲ್ಲಿ ಅಪರಾಧಿ.

ಬೀದಿಯ ಮೂಲೆಯ ಆ ವ್ಯಾಪಾರಿಯನ್ನೇ ನಾಯಕನನ್ನಾಗಿಸಿಕೊಂಡ ಚಲಚ್ಚಿತ್ರವೊಂದುಂಟು: ‘ಪುಷರ್’. ನಿಕೋಲಸ್ ವೈಂಡಿಂಗ್ ರೆಫ್ನ್ 1996ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ತೆಗೆದ ಕಥೆ, 2012ರಲ್ಲಿ ಲೂಯಿಸ್ ಪ್ರಿಯೆಟೊ ಅವರ ನಿರ್ದೇಶನದಲ್ಲಿ ಲಂಡನ್ನಿನ ವೇಷ ತೊಟ್ಟಿತು. ಫ್ರಾಂಕ್ ಎಂಬ ಚಿಲ್ಲರೆ ಮಾರಾಟಗಾರ, ಮಿಲೊ ಎಂಬ ಧಣಿಯಿಂದ ಮಾದಕವಸ್ತುವನ್ನು ಸಾಲವಾಗಿ ತರುತ್ತಾನೆ. ಪೊಲೀಸರು ಬೆನ್ನಟ್ಟಿದಾಗ ಅದನ್ನು ನೀರುಪಾಲು ಮಾಡುತ್ತಾನೆ. ಸರಕು ಕರಗಿತು, ಸಾಲ ಕರಗಲಿಲ್ಲ. ಒಂದೇ ವಾರದಲ್ಲಿ ಗೆಳೆತನ, ಪ್ರೇಮ, ಧೈರ್ಯ ಒಂದೊಂದಾಗಿ ಅವನ ಕೈತಪ್ಪುತ್ತವೆ. ಹಳೆಯ ಚಿತ್ರದಲ್ಲಿ ಕೈಯಲ್ಲಿ ಹಿಡಿದ ಕ್ಯಾಮರಾ ಅವನ ಬೆನ್ನಿಗೆ ಬಿದ್ದು ನಡುಗುತ್ತದೆ. ಹೊಸದರಲ್ಲಿ ಬಣ್ಣಬಣ್ಣದ ದೀಪಗಳು, ಆರ್ಬಿಟಲ್ ತಂಡದ ಸಂಗೀತ. ಸೊಗಸೇನೋ ಸೊಗಸೇ. ಆದರೆ ಸೊಗಸು ಹೆಚ್ಚಿದಷ್ಟೂ ನಂಜಿನ ಕಹಿ ತಗ್ಗಿತೆಂದೇ ಹೇಳಬೇಕು. ಮಿಲೊನ ಪಾತ್ರದಲ್ಲಿ ಮಾತ್ರ ಎರಡೂ ಕಡೆ ಒಬ್ಬರೇ ನಟರು, ಝ್ಲಾಟ್ಕೊ ಬುರಿಚ್. ಊರು ಬದಲಾಯಿತು, ಭಾಷೆ ಬದಲಾಯಿತು, ನಾಯಕನೂ ಬದಲಾದ. ವಿಷದ ಧಣಿ ಬದಲಾಗಲಿಲ್ಲ.

ಲಂಡನ್ ದೂರವೆಂದು ಈ ಸೀಮೆಯವರು ಸಮಾಧಾನ ತಾಳುವಂತಿಲ್ಲ. 2020ರಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲೇ ಕೊರೊನಾ ಹಬ್ಬಿ, ಮದ್ದು ತಯಾರಿಸುವ ಊರೇ ಬಾಗಿಲಿಕ್ಕಿಕೊಂಡು ಕುಳಿತಿತು. ಮರುವರ್ಷದ ಏಪ್ರಿಲ್‌ನಲ್ಲಿ, ಜನ ರೆಮ್‌ಡೆಸಿವಿರ್‌ಗಾಗಿ ಅಲೆಯುತ್ತಿದ್ದಾಗ, ಖಾಲಿ ಸೀಸೆಗಳಿಗೆ ಲವಣಜಲವನ್ನೂ ಬೇರೊಂದು ಔಷಧವನ್ನೂ ತುಂಬಿ ಮಾರುತ್ತಿದ್ದ ಜಾಲವನ್ನು ಮೈಸೂರಿನ ಪೊಲೀಸರು ಹಿಡಿದರು. 2025ರ ಜುಲೈನಲ್ಲಿ ಮುಂಬಯಿಯ ಪೊಲೀಸರು ಅಲ್ಲಿಂದ ಹೊರಟ ಜಾಡನ್ನು ಹಿಡಿದು ಬಂದು, ಮೈಸೂರಿನ ವರ್ತುಲ ರಸ್ತೆಯ ಬದಿಯಲ್ಲಿ ಮೆಫೆಡ್ರೋನ್ ಎಂಬ ಮಾದಕವಸ್ತುವನ್ನು ತಯಾರಿಸುವ ತಾಣವನ್ನೇ ಪತ್ತೆಹಚ್ಚಿದರು. ಈ ಕಥೆಗೆ ಬಣ್ಣದ ದೀಪವೂ ಇಲ್ಲ, ಸಂಗೀತವೂ ಇಲ್ಲ. ನಂಜುಂಡನ ಗೋಪುರಕ್ಕೂ ಆ ರಸ್ತೆಗೂ ನಡುವೆ ಅರ್ಧ ಗಂಟೆಯ ಹಾದಿ.

ಕಪಿಲೆ ನಂಜನಗೂಡಿನಲ್ಲಿ ನಿಲ್ಲುವುದಿಲ್ಲ. ಕಬ್ಬು, ಭತ್ತದ ಬಯಲುಗಳನ್ನು ಬಳಸಿ ಪೂರ್ವಕ್ಕೆ ಹರಿದು ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತಾಳೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವೂ ಸೇರಿ ಇದು ತ್ರಿವೇಣಿ ಸಂಗಮ. 1989ರಿಂದ ಮೂರು ವರ್ಷಕ್ಕೊಮ್ಮೆಯ ಕುಂಭಮೇಳ ಇಲ್ಲಿಯ ವಾಡಿಕೆ. ದಡದಲ್ಲಿರುವ ದೇವರು ಗುಂಜಾ ನರಸಿಂಹ.

ಗುಂಜೆಯೆಂದರೆ ಗುಲಗಂಜಿ. ಕೆಂಪು ಮೈ, ಕಪ್ಪು ಕಣ್ಣು. ಮಕ್ಕಳ ಆಟದ ಕಾಳು, ಅಕ್ಕಸಾಲಿಗರ ತಕ್ಕಡಿಯಲ್ಲಿ ಚಿನ್ನಕ್ಕೆ ಸಮನಾಗಿ ಕುಳಿತ ಕಾಳು. ಅಗಿದು ನುಂಗಿದರೆ ಜೀವಕ್ಕೇ ಎರವು. ವೈದ್ಯರು ಹಾಲಿನಲ್ಲಿ ಬೇಯಿಸಿ, ಶೋಧಿಸಿ, ಅಳತೆ ನೋಡಿ ಅದನ್ನೇ ಔಷಧವಾಗಿ ಬಳಸಿದ್ದುಂಟು. ಆ ಕಾಳನ್ನು ನರಸಿಂಹನು ಹೆಬ್ಬೆರಳು ತೋರುಬೆರಳುಗಳ ನಡುವೆ ಹಿಡಿದಿದ್ದಾನೆ. ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚೆಂದು ಸ್ಥಳೀಯರ ಹೆಮ್ಮೆ. ಮಂಗಳಾರತಿಯ ಬೆಳಕು ಮೇಲೇರುವಾಗ ಭಕ್ತರ ಕಣ್ಣು ಮೊದಲು ಹುಡುಕುವುದು ದೇವರ ಮುಖವನ್ನಲ್ಲ, ಆ ಎರಡು ಬೆರಳುಗಳ ನಡುವಿನ ಕಾಳನ್ನು.