ಕಬ್ಬಿನ ಇಂಧನ ಮತ್ತು ಶ್ರಾವಕನ ಲೆಕ್ಕ

ಶ್ರಾವಕಾಚಾರವನ್ನು ನಿರೂಪಿಸುವ ಗ್ರಂಥಗಳಲ್ಲಿ ಗೃಹಸ್ಥನು ದೂರವಿಡಬೇಕಾದ ಹದಿನೈದು ಕಠೋರ ಜೀವನೋಪಾಯಗಳ ಪಟ್ಟಿಯೊಂದು ಬರುತ್ತದೆ. ಶ್ವೇತಾಂಬರ ಆಗಮವಾದ ಉಪಾಸಕದಶಾಂಗದಲ್ಲಿ ಅವು ಕರ್ಮಾದಾನಗಳು. ಹದಿಮೂರನೆಯ ಶತಮಾನದ ಪಂಡಿತ ಆಶಾಧರರ ಸಾಗಾರಧರ್ಮಾಮೃತದಲ್ಲಿ ಖರಕರ್ಮಗಳು. ಯಂತ್ರಕ್ಕೆ ಕೊಟ್ಟು ಹಿಂಡುವ ಯಂತ್ರಪೀಡನ, ಮದ್ಯಾದಿ ರಸಗಳನ್ನು ಮಾರುವ ರಸವಾಣಿಜ್ಯ, ನೆಲದ ಮೇಲಣ ಹುಲ್ಲುಕಸಕ್ಕೆ ಬೆಂಕಿಯಿಡುವ ದವಪ್ರದ, ಜಲಾಶಯಗಳನ್ನು ಬತ್ತಿಸುವ ಸರಃಶೋಷ ಎಂಬ ನಾಲ್ಕು ಆ ಪಟ್ಟಿಯಲ್ಲಿವೆ. ಈ ನಾಲ್ಕೂ ಒಂದೇ ಪದಾರ್ಥದಲ್ಲಿ ಬಂದು ಕೂಡಬಹುದೆಂದು ಆ ಗ್ರಂಥಕಾರರು ಎಣಿಸಿರಲಾರರು. ಇಂದು ಪೆಟ್ರೋಲಿನೊಡನೆ ಬೆರೆತು ಪ್ರತಿಯೊಂದು ಮನೆಯ ವಾಹನದಲ್ಲಿಯೂ ಉರಿಯುತ್ತಿರುವ ಎಥೆನಾಲ್ ಅಂಥ ಪದಾರ್ಥ. ಕಬ್ಬನ್ನು ಹಿಂಡಿದ ಮೇಲೆಯೇ ಅದು ಹುಟ್ಟುತ್ತದೆ. ರಾಸಾಯನಿಕವಾಗಿ ಅದು ಮದ್ಯದ ಸಾರವೇ. ಕಟಾವಾದ ಹೊಲದ ರವದಿಗೆ ಇಂದಿಗೂ ಬಹಳ ಕಡೆ ಬೆಂಕಿ ಬೀಳುತ್ತದೆ. ನೀರಿನ ಮಾತಂತೂ ಮುಂದೆ ಬರಲಿದೆ.

ಚಿಕ್ಕೋಡಿ ಸೀಮೆಯಲ್ಲಿ, ಕೃಷ್ಣೆಯ ದಂಡೆಯ ಊರೊಂದರಲ್ಲಿ ವಾಸವಾಗಿರುವ ಹಿರಿಯ ಶ್ರಾವಕರೊಬ್ಬರು ಈ ನಾಲ್ಕು ಹೆಸರುಗಳನ್ನು ತಮ್ಮ ಲೆಕ್ಕದ ವಹಿಯ ಮೊದಲ ಪುಟದಲ್ಲಿ ಬರೆದಿಟ್ಟುಕೊಂಡಿದ್ದಾರೆ. ಜೈನರೆಂದರೆ ವ್ಯಾಪಾರಿಗಳು ಎಂಬ ಕಲ್ಪನೆ ದೂರದವರದು. ಬೆಳಗಾವಿ, ಬಾಗಲಕೋಟೆ ಮತ್ತು ಗಡಿಯಾಚೆಯ ಕೊಲ್ಹಾಪುರ, ಸಾಂಗಲಿ ಜಿಲ್ಲೆಗಳಲ್ಲಿ ನೇಗಿಲನ್ನೇ ನಂಬಿದ ಜೈನ ಮನೆತನಗಳು ಅಸಂಖ್ಯ. ಅವುಗಳಲ್ಲಿ ಹೆಚ್ಚಿನವು ಇಂದು ಕಬ್ಬಿನ ಮನೆತನಗಳು. ಈ ಹಿರಿಯರೂ ನಲವತ್ತು ವರ್ಷಗಳಿಂದ ಕಾರ್ಖಾನೆಗೆ ಕಬ್ಬು ಕಳಿಸಿದವರು. ಹತ್ತು ವರ್ಷಗಳ ಹಿಂದೆ ವ್ರತಪ್ರತಿಮೆಯನ್ನು ಸ್ವೀಕರಿಸಿದರು. ಊರ ಬಸದಿಯ ಟ್ರಸ್ಟಿನ ಪಂಚರಲ್ಲಿ ಒಬ್ಬರು. ಟ್ರಸ್ಟಿಗೆ ದಾನವಾಗಿ ಬಂದ ಹೊಲ ಹನ್ನೆರಡು ಎಕರೆ. ಅರ್ಧದಲ್ಲಿ ಕಬ್ಬು, ಅರ್ಧ ಮಳೆಯಾಶ್ರಯದ ಜೋಳದ ಭೂಮಿ. ಅದರ ಉತ್ಪನ್ನದಿಂದಲೇ ನಿತ್ಯದ ಅಭಿಷೇಕ, ಪೂಜೆ, ಚಾತುರ್ಮಾಸದ ವೆಚ್ಚ ನಡೆಯಬೇಕು. ಕಳೆದ ವರ್ಷ ಪಂಚರ ಸಭೆಯಲ್ಲಿ ಕಿರಿಯ ಸದಸ್ಯರೊಬ್ಬರು ಒಂದು ಸೂಚನೆಯನ್ನು ಮಂಡಿಸಿದರು: ಧಾನ್ಯದಿಂದ ಎಥೆನಾಲ್ ತೆಗೆಯುವ ಘಟಕವೊಂದು ಗೋವಿನಜೋಳಕ್ಕೆ ಮುಂಗಡ ಕೊಡುತ್ತಿದೆ, ಜೋಳದ ಭೂಮಿಯನ್ನೆಲ್ಲ ಅದಕ್ಕೇ ಒಪ್ಪಿಸಿದರೆ ಬಸದಿಯ ಶಿಖರದ ಜೀರ್ಣೋದ್ಧಾರ ಎರಡು ವರ್ಷದಲ್ಲಿ ಮುಗಿಯುತ್ತದೆ. ಹಿರಿಯರು ಒಪ್ಪಲಿಲ್ಲ, ನಿರಾಕರಿಸಲೂ ಇಲ್ಲ. ಲೆಕ್ಕ ಹಾಕಿ ಹೇಳುವುದಾಗಿ ತಿಳಿಸಿ ಎದ್ದರು.

ಇಲ್ಲಿಂದ ಮುಂದೆ ಹೇಳುವುದು ಬಹುಮಟ್ಟಿಗೆ ಆ ಲೆಕ್ಕ. ಬೆಂಗಳೂರಿನಲ್ಲಿ ಇಂಜಿನಿಯರಾಗಿರುವ ಅವರ ಮೊಮ್ಮಗ ಅಂಕಿಗಳನ್ನು ಒದಗಿಸಿದನು.

ಪೆಟ್ರೋಲಿಗೆ ಮದ್ಯಸಾರವನ್ನು ಬೆರೆಸುವ ವಿಚಾರ ಹೊಸದಲ್ಲ. ಸ್ವಾತಂತ್ರ್ಯ ಬಂದ ಮರುವರ್ಷವೇ, 1948ರಲ್ಲಿ, ಭಾರತದಲ್ಲಿ ಪವರ್ ಆಲ್ಕೋಹಾಲ್ ಕಾಯಿದೆ ಬಂದಿತ್ತು. ಅದು ಬಹುಕಾಲ ಕಾಗದದಲ್ಲೇ ಉಳಿಯಿತು. 2001ರಲ್ಲಿ ಪ್ರಯೋಗಾರ್ಥವಾಗಿ ಶೇ. 5ರ ಮಿಶ್ರಣವನ್ನು ಮಾರಲು ಆಯ್ದ ಕೆಲವೇ ಸ್ಥಳಗಳಲ್ಲಿ ಈ ಸೀಮೆಗೆ ನೆರೆಯಾದ ಮೀರಜವೂ ಒಂದು. 2003ರಲ್ಲಿ ಆ ಮಿಶ್ರಣ ಒಂಬತ್ತು ರಾಜ್ಯಗಳಿಗೆ ವಿಸ್ತರಿಸಿತು. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿ ಕಾಕಂಬಿಯ ಜೊತೆಗೆ ಕಬ್ಬಿನ ಹಾಲಿಗೂ ಧಾನ್ಯಕ್ಕೂ ಬಾಗಿಲು ತೆರೆದ ಮೇಲೆ ವೇಗ ಬಂದಿತು. 2022ರ ಜೂನ್‌ನಲ್ಲಿ ಶೇ. 10ನ್ನು ಮುಟ್ಟಿ, 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿಯೇ ಶೇ. 20ರ ಮಿಶ್ರಣಕ್ಕೆ ಚಾಲನೆ ದೊರೆತು, 2025ರಲ್ಲಿ ದೇಶದ ಸರಾಸರಿ ಶೇ. 20ಕ್ಕೆ ಬಂದಿತು. ಮೊದಲು 2030ಕ್ಕೆಂದು ಇಟ್ಟುಕೊಂಡಿದ್ದ ಗುರಿ ಅದು.

ಮೊಮ್ಮಗನ ವಾದ ಸರಳವಾಗಿತ್ತು. "ಅಜ್ಜಾ, ಪೆಟ್ರೋಲ್ ಪರದೇಶದಿಂದ ಬರೂದಕ್ಕಿಂತ ನಮ್ಮ ಹೊಲದಾಗಿಂದ ಬಂದ್ರ ಚಲೋ ಅಲ್ಲೇನು?"

"ಚಲೋನ ತಮ್ಮಾ. ಹೊಲದಾಗಿಂದ ಏನೇನ ಹೋಗ್ತೈತಿ, ಅದನ್ನೂ ಬರಿ," ಎಂದರು ಹಿರಿಯರು.

ಒಳ್ಳೆಯದನ್ನು ಮೊದಲು ಬರೆಯಲಾಯಿತು. ಭಾರತವು ತನಗೆ ಬೇಕಾದ ಕಚ್ಚಾತೈಲದ ಶೇ. 85ಕ್ಕೂ ಹೆಚ್ಚನ್ನು ಹೊರಗಿನಿಂದ ತರುತ್ತದೆ. ಅದರಲ್ಲಿ ಸ್ವಲ್ಪ ಉಳಿದರೂ ಲಾಭವೇ. ಪೆಟ್ರೋಲೇನೂ ಅಹಿಂಸಕ ವಸ್ತುವಲ್ಲ. 2017ರ ಜನವರಿಯಲ್ಲಿ ಚೆನ್ನೈ ಬಳಿಯ ಎಣ್ಣೂರಿನಲ್ಲಿ ಹಡಗುಗಳು ಡಿಕ್ಕಿ ಹೊಡೆದು ಸಮುದ್ರಕ್ಕೆ ಎಣ್ಣೆ ಸೋರಿದಾಗ ಸತ್ತ ಜಲಚರಗಳ ಚಿತ್ರಗಳನ್ನು ದೇಶವೆಲ್ಲ ನೋಡಿತು. ಕಬ್ಬು ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲವೇ ಉರಿದಾಗ ಮರಳಿ ಗಾಳಿಗೆ ಸೇರುವುದರಿಂದ, ಕಬ್ಬಿನ ಎಥೆನಾಲ್ ಪೆಟ್ರೋಲಿಗಿಂತ ಶೇ. 65ರಷ್ಟು, ಗೋವಿನಜೋಳದ್ದು ಶೇ. 50ರಷ್ಟು ಕಡಿಮೆ ಹಸಿರುಮನೆ ಅನಿಲವನ್ನು ಬಿಡುತ್ತದೆಂದು ನೀತಿ ಆಯೋಗದ ಅಧ್ಯಯನ ಹೇಳುತ್ತದೆ. ಹೊಸದಾಗಿ ಕಾಡು ಕಡಿದು ಹೊಲ ಮಾಡಿದರೆ ಈ ಲೆಕ್ಕ ತಲೆಕೆಳಗಾಗುತ್ತದೆ ಎಂಬುದು ಬೇರೆ ಮಾತು.

ರೈತನಿಗಾದ ಉಪಕಾರವನ್ನು ಹಿರಿಯರು ತಮ್ಮ ಅನುಭವದಿಂದಲೇ ಬಲ್ಲರು. ಕಬ್ಬು ತಲುಪಿದ ಹದಿನಾಲ್ಕು ದಿನಗಳಲ್ಲಿ ಹಣ ಸಲ್ಲಬೇಕೆಂಬ ನಿಯಮ 1966ರದು. ಆದರೂ ಸಕ್ಕರೆ ಗೋದಾಮಿನಲ್ಲಿ ಕೊಳೆತ ವರ್ಷಗಳಲ್ಲಿ ರೈತನು ಬಾಕಿಗಾಗಿ ವರ್ಷಗಟ್ಟಲೆ ಅಲೆದುದುಂಟು. ತೈಲ ಕಂಪನಿಗಳು ಎಥೆನಾಲಿನ ಹಣವನ್ನು ಕೆಲವೇ ವಾರಗಳಲ್ಲಿ ಪಾವತಿಸುವುದರಿಂದ ಕಾರ್ಖಾನೆಯ ಕೈ ಸಡಿಲವಾಯಿತು. ಅದರ ಪಾಲು ಹೊಲದವರೆಗೆ ಎಷ್ಟು ಬಂದಿತೆಂಬುದು ವಿವಾದದ ವಿಷಯ: 2025ರ ನವೆಂಬರಿನಲ್ಲಿ ಇದೇ ಜಿಲ್ಲೆಯ ಗುರ್ಲಾಪುರ ಕ್ರಾಸಿನಲ್ಲಿ ರೈತರು ಟನ್ನಿಗೆ 3,500 ರೂಪಾಯಿ ಕೇಳಿ ದಿನಗಟ್ಟಲೆ ಕುಳಿತರು, ಸರಕಾರ 3,300ಕ್ಕೆ ಒಪ್ಪಂದ ಮಾಡಿಸಿತು.

ಇನ್ನು ಖರ್ಚಿನ ಪುಟ. ಮೊಮ್ಮಗನ ಕಾರಿನ ಟಾಕಿ ನಲವತ್ತು ಲೀಟರಿನದು. ಅದರಲ್ಲಿ ಎಂಟು ಲೀಟರ್ ಎಥೆನಾಲ್. ಈ ಎಂಟು ಲೀಟರ್ ಎಲ್ಲಿಂದ ಬಂದಿತೆಂಬುದರ ಮೇಲೆ ಉಳಿದೆಲ್ಲವೂ ನಿಂತಿದೆ, ಮತ್ತು ಪಂಪಿನ ಮುಂದೆ ನಿಂತವನಿಗೆ ಅದೊಂದು ತಿಳಿಯುವುದಿಲ್ಲ.

ಸಕ್ಕರೆಯನ್ನೆಲ್ಲ ತೆಗೆದು ಉಳಿದ ಕೊನೆಯ ಕಾಕಂಬಿಯಿಂದ ಬಂದಿದ್ದರೆ, ಒಂದು ಟನ್ ಕಬ್ಬಿಗೆ ಸಿಗುವುದು ಹನ್ನೊಂದು ಲೀಟರಿನಷ್ಟು ಮಾತ್ರ. ಆದರೆ ಆ ಕಬ್ಬು ಅದಾಗಲೇ ಸಕ್ಕರೆ ಕೊಟ್ಟು ಮುಗಿದಿದೆ. ಇದು ಉಚ್ಛಿಷ್ಟದ ಉಪಯೋಗ. ಹಿರಿಯರಿಗೆ ಇದರಲ್ಲಿ ಹೆಚ್ಚಿನ ಆಕ್ಷೇಪ ಕಾಣಲಿಲ್ಲ. ನೇರವಾಗಿ ಕಬ್ಬಿನ ಹಾಲಿನಿಂದ ತೆಗೆದರೆ ಟನ್ನಿಗೆ ಸುಮಾರು ಎಪ್ಪತ್ತು ಲೀಟರ್. ಆಗ ಕಬ್ಬಿನ ನೀರಿನ ಲೆಕ್ಕವೆಲ್ಲ ಇಂಧನದ ತಲೆಗೇ ಬರುತ್ತದೆ. ನೀತಿ ಆಯೋಗದ 2021ರ ವರದಿಯ ಪ್ರಕಾರ ಕಬ್ಬಿನ ಒಂದು ಲೀಟರ್ ಎಥೆನಾಲಿಗೆ ಸುಮಾರು 2,860 ಲೀಟರ್ ನೀರು. ಎಂಟು ಲೀಟರಿಗೆ ಇಪ್ಪತ್ಮೂರು ಸಾವಿರ ಲೀಟರಿನ ಹತ್ತಿರ. ಈ ಅಂಕಿಯನ್ನು ಬರೆಯುವಾಗ ಹಿರಿಯರು ಮೊಮ್ಮಗನಿಂದ ಎರಡು ಸಲ ಗುಣಾಕಾರ ಮಾಡಿಸಿದರಂತೆ. ದಿನನಿತ್ಯ ನೀರನ್ನು ಸೋಸಿ, ಬಟ್ಟೆಯಲ್ಲಿ ಉಳಿದ ಜೀವಗಳನ್ನು ಮರಳಿ ಅದೇ ಬಾವಿಗೆ ಮುಟ್ಟಿಸುವ ಮನೆಯಲ್ಲಿ ಆ ಅಂಕಿ ಸುಮ್ಮನೆ ದಾಟಿಹೋಗುವಂಥದಲ್ಲ. ಎಷ್ಟು ನೀರು ಹಾಯಿಸಿದರೆ ಅಷ್ಟು ಕಬ್ಬು ಎಂದು ನಂಬಿ ಕಪ್ಪುಭೂಮಿಯನ್ನು ಸವಳು-ಜವಳು ಮಾಡಿಕೊಂಡ ಹೊಲಗಳು ಕೃಷ್ಣೆಯ ಎರಡೂ ದಂಡೆಗಳಲ್ಲಿವೆ. ಅಂಥ ಎರಡು ಎಕರೆ ಅವರ ತಮ್ಮನ ಪಾಲಿನಲ್ಲಿಯೇ ಇದೆ. ಅಲ್ಲಿ ಈಗ ಉಪ್ಪಿನ ಪೊರೆ ಮಾತ್ರ ಬೆಳೆಯುತ್ತದೆ.

ಮೂರನೆಯದು ಧಾನ್ಯ. ಒಂದು ಟನ್ ಅಕ್ಕಿಯಿಂದ ಸುಮಾರು 450 ಲೀಟರ್, ಗೋವಿನಜೋಳದಿಂದ ಸುಮಾರು 380 ಲೀಟರ್ ಎಥೆನಾಲ್ ಬರುತ್ತದೆ. ಹಾಗಾದರೆ ಎಂಟು ಲೀಟರೆಂದರೆ ಹದಿನೆಂಟು ಕಿಲೋ ಅಕ್ಕಿ, ಅಥವಾ ಇಪ್ಪತ್ತೊಂದು ಕಿಲೋ ಗೋವಿನಜೋಳ. ಕೇಂದ್ರದ ಆಹಾರ ಭದ್ರತಾ ಯೋಜನೆಯಲ್ಲಿ ಆದ್ಯತಾ ಕುಟುಂಬದ ಒಬ್ಬ ವ್ಯಕ್ತಿಗೆ ತಿಂಗಳಿಗೆ ದೊರೆಯುವುದು ಐದು ಕಿಲೋ. ಒಂದು ಟಾಕಿಯಲ್ಲಿ ಮೂರೂವರೆ ಜನರ ಒಂದು ತಿಂಗಳ ಪಡಿತರ ಉರಿದುಹೋಗುತ್ತದೆ. ಹಿಂಡಿಯಾಗಿ ಒಂದಿಷ್ಟು ಪಶುಗಳಿಗೆ ಮರಳುತ್ತದೆಂಬುದು ನಿಜ, ಪಿಷ್ಟವಂತೂ ಮರಳುವುದಿಲ್ಲ. ಸರಕಾರಕ್ಕೂ ಈ ಸಂಕಟ ತಟ್ಟಿದೆ. 2023ರ ಜುಲೈಯಲ್ಲಿ ಆಹಾರ ನಿಗಮದ ಅಕ್ಕಿಯನ್ನು ಎಥೆನಾಲಿಗೆ ಕೊಡುವುದನ್ನು ನಿಲ್ಲಿಸಿತು, ಅದೇ ಡಿಸೆಂಬರಿನಲ್ಲಿ ಕಬ್ಬಿನ ಹಾಲಿನ ಬಳಕೆಗೂ ಕಡಿವಾಣ ಹಾಕಿತು. 2024ರಲ್ಲಿ ಎರಡನ್ನೂ ಮತ್ತೆ ತೆರೆಯಿತು. ನಡುವಿನ ಆ ಕೊರತೆಯನ್ನು ತುಂಬಿದ್ದು ಗೋವಿನಜೋಳ. ಅದನ್ನು ರಫ್ತು ಮಾಡುತ್ತಿದ್ದ ದೇಶ 2024ರಲ್ಲಿ ಅದನ್ನು ಹೊರಗಿನಿಂದ ತರಿಸಿಕೊಂಡಿತು.

ಇಂಧನವೂ ಊಟವೂ ಒಂದೇ ಧಾನ್ಯಕ್ಕೆ ಕೈಚಾಚಿದರೆ ಏನಾಗುತ್ತದೆಂಬುದಕ್ಕೆ ದೂರದ ಉದಾಹರಣೆಯೊಂದು ಆ ವಹಿಯಲ್ಲಿದೆ. ಅಮೆರಿಕದಲ್ಲಿ ಬೆಳೆಯುವ ಮೆಕ್ಕೆಜೋಳದ ಮೂರನೆಯ ಒಂದು ಭಾಗಕ್ಕೂ ಹೆಚ್ಚು ಎಥೆನಾಲಿನ ಭಟ್ಟಿಗೆ ಹೋಗುತ್ತದೆ. ಆ ಬೇಡಿಕೆ ಏರತೊಡಗಿದ ದಿನಗಳಲ್ಲಿ, 2007ರ ಜನವರಿಯಲ್ಲಿ, ನೆರೆಯ ಮೆಕ್ಸಿಕೋದ ರಾಜಧಾನಿಯಲ್ಲಿ ಸಹಸ್ರಾರು ಜನರು ಟೋರ್ಟಿಯಾ ತುಟ್ಟಿಯಾಯಿತೆಂದು ಬೀದಿಗಿಳಿದರು. ಟೋರ್ಟಿಯಾ ಎಂದರೆ ಅವರ ಜೋಳದ ರೊಟ್ಟಿ. ಬೆಲೆಯೇರಿಕೆಗೆ ದಾಸ್ತಾನುಗಾರರೂ ಕಾರಣರೆಂದು ಅಲ್ಲಿಯೂ ಚರ್ಚೆ ನಡೆಯಿತು. ರೊಟ್ಟಿಯ ಊರಿನವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ರಸವಾಣಿಜ್ಯದ ಪ್ರಶ್ನೆ ಇನ್ನೂ ಉಳಿದಿದೆ. ಎಥೆನಾಲನ್ನು ಯಾರೂ ಕುಡಿಯುವುದಿಲ್ಲ, ವಿಷ ಬೆರೆಸಿಯೇ ಕಳಿಸುತ್ತಾರೆ, ಆದ್ದರಿಂದ ಮದ್ಯದ ದೋಷ ಇದಕ್ಕಿಲ್ಲ ಎಂದು ಕೆಲವರು ಸಮಾಧಾನ ಹೇಳುವುದುಂಟು. ಅದು ಅರ್ಧ ಉತ್ತರ. ಆಚಾರ್ಯರು ಮದ್ಯವನ್ನು ನಿಷೇಧಿಸಿದ್ದು ಮತ್ತು ಬರುವುದೆಂಬ ಒಂದೇ ಕಾರಣಕ್ಕಲ್ಲ. ಹುಳಿಯುವ ರಸವು ಅಸಂಖ್ಯ ಜೀವಗಳ ಉತ್ಪತ್ತಿಸ್ಥಾನವೆಂಬ ಕಾರಣಕ್ಕೂ ಹೌದು. ಭಟ್ಟಿಯಲ್ಲಿ ಸಕ್ಕರೆಯನ್ನು ಮದ್ಯಸಾರವಾಗಿ ಮಾಡುವುದು ಯೀಸ್ಟ್ ಎಂಬ ಸೂಕ್ಷ್ಮಜೀವಿಯೇ. ಆ ರಸವನ್ನು ಕುದಿಸಿದಾಗ ಕುಡಿಯುವ ಮದ್ಯಕ್ಕೂ ಉರಿಸುವ ಮದ್ಯಸಾರಕ್ಕೂ ಜೀವಹಾನಿಯಲ್ಲಿ ಭೇದವಿಲ್ಲ. ಮೇಲಾಗಿ, ಕಾಕಂಬಿಯ ಒಂದು ಲೀಟರ್ ಎಥೆನಾಲಿಗೆ ಎಂಟರಿಂದ ಹದಿನೈದು ಲೀಟರ್ ಕಪ್ಪುನೀರು ಉಳಿಯುತ್ತದೆ. ಅದನ್ನು ಇಂಗಿಸಿ ಸುಡಬೇಕು ಅಥವಾ ಗೊಬ್ಬರ ಮಾಡಬೇಕು, ಹೊರಗೆ ಒಂದು ಹನಿಯೂ ಹೋಗಬಾರದು ಎಂದು ನಿಯಮವಿದೆ. ಅದು ಹಳ್ಳಕ್ಕೆ ಸೇರಿದರೆ ನೀರಿನ ಪ್ರಾಣವಾಯು ತೀರಿ ಮೀನುಗಳು ಸಾಯುತ್ತವೆ.

ಕೃಷಿಯಲ್ಲಿ, ಅಡುಗೆಯಲ್ಲಿ, ಉದ್ಯೋಗದಲ್ಲಿ ತಪ್ಪಿಸಲಾಗದ ಹಿಂಸೆಯನ್ನು ಆರಂಭೀ, ಉದ್ಯೋಗೀ ಹಿಂಸೆಗಳೆಂದು ಕರೆದು ಗೃಹಸ್ಥನಿಗೆ ಶಾಸ್ತ್ರ ಒಂದಿಷ್ಟು ಅವಕಾಶ ಕೊಟ್ಟಿದೆ. ನೇಗಿಲು ಹಿಡಿದವನು ಆ ಅವಕಾಶದಲ್ಲಿಯೇ ಬದುಕುವವನು. ಆದರೆ ಅದು ಅವಶ್ಯಕತೆಗೆ ಕೊಟ್ಟದ್ದು. ಹಸಿರು ಇಂಧನವೆಂಬ ಹೆಸರು ಹಚ್ಚಿದ ಮಾತ್ರಕ್ಕೆ ಎರಡನೆಯ ಕಾರಿನ ಅವಶ್ಯಕತೆ ಸಿದ್ಧವಾಗುವುದಿಲ್ಲ. ಇಂದಿನ ಪ್ರಚಾರದಲ್ಲಿ ಅತ್ಯಂತ ಅಪಾಯಕರವಾದ ಭಾಗ ಇದೇ: ಟಾಕಿಯೊಳಗಿನ ದ್ರವ ಬದಲಾಯಿತೆಂದ ಮೇಲೆ ಓಡಾಟವನ್ನು ಕುರಿತು ಯೋಚಿಸುವ ಕಾರಣವೇ ಇಲ್ಲವೆಂಬ ನೆಮ್ಮದಿಯನ್ನು ಅದು ಕೊಡುತ್ತದೆ.

ಮೊಮ್ಮಗನ ಚಿಂತೆ ಬೇರೆಯದಾಗಿತ್ತು. ಅವನ ಕಾರು 2017ರದು. ಎಥೆನಾಲಿನಲ್ಲಿ ಪೆಟ್ರೋಲಿನ ಮೂರರಲ್ಲಿ ಎರಡು ಪಾಲಿನಷ್ಟೇ ಶಕ್ತಿಯಿರುವುದರಿಂದ, ಅಂಥ ಹಳೆಯ ಕಾರುಗಳ ಮೈಲೇಜು ಶೇ. 6-7ರಷ್ಟು ಇಳಿಯುವುದೆಂದು ನೀತಿ ಆಯೋಗದ ವರದಿಯೇ ಒಪ್ಪುತ್ತದೆ. ಅದು ನೀರನ್ನು ಹೀರುವ ಗುಣದ್ದು. ಹಳೆಯ ರಬ್ಬರು ನಳಿಗೆಗಳಿಗೂ ಒಗ್ಗದು. ಮಿಶ್ರಣವಿಲ್ಲದ ಪೆಟ್ರೋಲನ್ನೂ ಮಾರಬೇಕೆಂಬ ಅರ್ಜಿಯನ್ನು 2025ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ತಳ್ಳಿಹಾಕಿತು. ಇಳಿದ ಮೈಲೇಜಿಗೆ ಪರಿಹಾರವೇನೆಂದು ಅವನು ಕೇಳಿದಾಗ, ನೂರು ಮೈಲು ತಿರುಗುವಲ್ಲಿ ತೊಂಬತ್ಮೂರು ತಿರುಗಬೇಕೆಂದು ಅಜ್ಜ ಉತ್ತರ ಕೊಟ್ಟರು. ವಿನೋದವೆಂದು ಅವನು ನಕ್ಕನು. ಅವರು ನಗಲಿಲ್ಲ. ದಿಗ್ವ್ರತದಲ್ಲಿ ದಕ್ಷಿಣಕ್ಕೆ ಶ್ರವಣಬೆಳಗೊಳ, ಉತ್ತರಕ್ಕೆ ಸಮ್ಮೇದಶಿಖರವೆಂದು ಎಲ್ಲೆ ಕಟ್ಟಿಕೊಂಡು, ದೇಶವ್ರತದ ದಿನಗಳಲ್ಲಿ ಊರ ಸೀಮೆಯನ್ನೂ ದಾಟದವರು ಅವರು.

ಮುಂದಿನ ಸಭೆಯಲ್ಲಿ ಲೆಕ್ಕವನ್ನು ಓದಲಾಯಿತು. ಕಿರಿಯ ಸದಸ್ಯರು ಕೇಳಿದ್ದು ಅನ್ಯಾಯದ ಪ್ರಶ್ನೆಯಲ್ಲ: ಕಬ್ಬು ಆಗಬಹುದಾದರೆ ಗೋವಿನಜೋಳ ಏಕಾಗಬಾರದು? ಕಬ್ಬಿನಲ್ಲಿ ಮೊದಲು ಸಕ್ಕರೆ, ಆಮೇಲೆ ಇಂಧನ ಎಂಬ ಕ್ರಮ ಉಳಿಯಬಹುದು. ಮುಂಗಡ ಪಡೆದು ಭಟ್ಟಿಗೆಂದೇ ಬಿತ್ತಿದ ಕಾಳಿನಲ್ಲಿ ಆ ಕ್ರಮಕ್ಕೆ ಎಡೆಯಿಲ್ಲ ಎಂದು ಹಿರಿಯರು ಹೇಳಿದರು. ಕಾರ್ಖಾನೆ ಆ ಕ್ರಮವನ್ನು ಪಾಲಿಸುವುದೆಂಬ ಖಾತರಿ ತಮಗಿಲ್ಲವೆಂಬುದನ್ನೂ ಮುಚ್ಚಿಡಲಿಲ್ಲ. ಮಾತು ಬಹಳ ಹೊತ್ತು ನಡೆಯಿತು. ಕೊನೆಗೆ ಜೋಳದ ಭೂಮಿ ಜೋಳಕ್ಕೇ ಉಳಿಯಿತು. ಕಬ್ಬಿನ ಆರು ಎಕರೆಗೆ ಹನಿ ನೀರಾವರಿ ಮಾಡಿಸುವುದು, ರವದಿಯನ್ನು ಸುಡದೆ ಸಾಲುಗಳಲ್ಲಿ ಹರಡಿ ಕೊಳೆಯಿಸುವುದು ಎಂದು ಠರಾವಾಯಿತು. ಶಿಖರದ ಕೆಲಸ ಎರಡು ವರ್ಷದ ಬದಲು ಐದು ವರ್ಷ ಹಿಡಿಯಬಹುದು. ಆ ವಿಳಂಬಕ್ಕಾಗಿ ಅಸಮಾಧಾನಗೊಂಡವರು ಊರಲ್ಲಿ ಇದ್ದಾರೆ.

ಇತ್ಯರ್ಥವಾಗದ ಒಂದು ಸಂಗತಿಯಿದೆ. ಮುನಿಸಂಘವು ವಿಹಾರ ಹೊರಟಾಗ ಮುನಿಗಳು ಬರಿಗಾಲಲ್ಲಿ ನಡೆಯುತ್ತಾರೆ. ಹಿಂದೆ ಚೌಕದ ಪಾತ್ರೆ, ಧಾನ್ಯ, ಸೋಸಿದ ನೀರಿನ ಕೊಡಗಳನ್ನು ಹೊತ್ತು ಟ್ರಸ್ಟಿನ ಗಾಡಿ ಹೋಗುತ್ತದೆ. ಅದಕ್ಕೂ ಅದೇ ಪಂಪಿನ ಅದೇ ಪೆಟ್ರೋಲು. ಕಳೆದ ಚಾತುರ್ಮಾಸದ ನಂತರ ಹಿರಿಯರು ಆ ಗಾಡಿಯ ಖರ್ಚಿನ ಕಲಮಿನಲ್ಲಿ ರೂಪಾಯಿಯ ಪಕ್ಕಕ್ಕೆ ಇನ್ನೆರಡು ಮನೆಗಳನ್ನು ಗೆರೆಯೆಳೆದು ಮಾಡಿಸಿದ್ದಾರೆ: ಒಂದು ಲೀಟರಿಗೆ, ಒಂದು ಕಿಲೋಮೀಟರಿಗೆ. ಈ ವರ್ಷ ಗಾಡಿಯ ಬದಲು ಎತ್ತಿನ ಬಂಡಿ ಸಾಕಾದೀತೇ ಎಂದು ಒಬ್ಬರು ಕೇಳಿದರು. ಎತ್ತಿಗೂ ಜೀವವಿದೆಯಲ್ಲವೇ ಎಂದು ಇನ್ನೊಬ್ಬರು ಆಕ್ಷೇಪಿಸಿದರು. ಆ ಚರ್ಚೆಯನ್ನು ಮುಂದಿನ ಸಭೆಗೆ ಇಡಲಾಗಿದೆ.