ಬೆನ್ನೂ ಬಾರ್ಬೆಲ್ಲೂ

ಎರಡು ವರ್ಷಗಳ ಹಿಂದೆ ನಮ್ಮ ಮುಂಬಯಿಯ ಚಾಳಿನ ಮೂರನೆಯ ಮಹಡಿಗೆ ನೀರಿನ ಕೊಡವನ್ನು ಹೊತ್ತೊಯ್ಯುವಾಗ ನನ್ನ ನಡು ಹಿಡಿದುಕೊಂಡಿತು. ನಾನು ಗೋಡೆಗೊರಗಿ ಪಾಠ ಹೇಳುತ್ತಿದ್ದುದನ್ನು ನಿಮ್ಮಲ್ಲಿ ಕೆಲವರು ಕಂಡಿರಬಹುದು. ಊರಿನಿಂದ ಬಂದಿದ್ದ ತಾಯಿಯವರೇ ಕೊಡ ಹೊರತೊಡಗಿದರು. ನೋವಿಗಿಂತ ಆ ನಾಚಿಕೆಯೇ ದೊಡ್ಡದಾಗಿತ್ತು.

ಚಿಕಿತ್ಸಕರೊಬ್ಬರು ಹೊಟ್ಟೆಯ ಒಳಸ್ನಾಯುವನ್ನು ಬಿಗಿಹಿಡಿಯುವ ಅಭ್ಯಾಸವನ್ನು ಕಲಿಸಿದರು. ಅದಕ್ಕೊಂದು ಇತಿಹಾಸವುಂಟು. ನಡುನೋವುಳ್ಳವರು ತೋಳನ್ನೆತ್ತುವಾಗ ಹೊಟ್ಟೆಯ ಅತ್ಯಂತ ಒಳಗಿನ ಅಡ್ಡಸ್ನಾಯು ತಡವಾಗಿ ಬಿಗಿಯುವುದೆಂದು ಆಸ್ಟ್ರೇಲಿಯದ ಹಾಜಸ್ ಮತ್ತು ರಿಚರ್ಡ್‌ಸನ್ ಎಂಬ ಸಂಶೋಧಕರು 1996ರಲ್ಲಿ ಪ್ರಕಟಿಸಿದರು. ಆ ತಡವು ನೋವಿಗೆ ಕಾರಣವೋ ಪರಿಣಾಮವೋ ಎಂಬುದು ಅಷ್ಟರಿಂದಲೇ ತಿಳಿಯುವಂತಿರಲಿಲ್ಲ. ಆದರೂ ಅದೊಂದನ್ನೇ ಪಳಗಿಸುವ ಪದ್ಧತಿ ಹಬ್ಬಿತು. ನಾನೂ ನಾಲ್ಕು ತಿಂಗಳು ಚಾಪೆಯ ಮೇಲೆ ಶ್ರದ್ಧೆಯಿಂದ ಮಲಗಿದೆನು. ನೋವು ತಗ್ಗಿತು, ಕೊಡ ಮಾತ್ರ ಏಳಲಿಲ್ಲ.

ಆಗ ನಮ್ಮ ವಿಜಯಪುರದ ಜಾತ್ರೆಯ ಸಂಗ್ರಾಣಿ ಕಲ್ಲು ನೆನಪಾಯಿತು. ಅದನ್ನೆತ್ತುವ ರೈತರು ಹೊಟ್ಟೆಗೆಂದೇ ಬೇರೆ ಸಾಧನೆ ಮಾಡಿದುದನ್ನು ನಾನು ಕಾಣೆನು. ವ್ಯಾಯಾಮಶಾಲೆಗೆ ಹೋಗಿ, 20 ಕಿಲೋ ತೂಕದ ಬರಿಯ ಬಾರ್ಬೆಲ್ ಸಲಾಕೆಯಿಂದ ಆರಂಭಿಸಿದೆನು. ಭಾರವು ಬೆನ್ನನ್ನು ಬಾಗಿಸಲೆಳಸುವುದು; ಅದನ್ನು ತಡೆಯಲು ಹೊಟ್ಟೆ, ಬೆನ್ನು, ಪಕ್ಕೆಗಳು ಒಟ್ಟಾಗಿ ಬಿಗಿಯಲೇಬೇಕು. ಯಾವ ಸ್ನಾಯು ಮೊದಲೆಂದು ನಾನು ಲೆಕ್ಕವಿಡಲಿಲ್ಲ. ವಾರಕ್ಕೆ ಎರಡೂವರೆ ಕಿಲೋ ಮಾತ್ರ ಏರಿಸಿದೆನು. (ಕಲಿಸುವವರಿಲ್ಲದೆ ನೀವು ಇದನ್ನು ಮುಟ್ಟಬೇಡಿರಿ.)

ಕಳೆದ ದೀಪಾವಳಿಗೆ ತಾಯಿಯವರು ಪುನಃ ಬಂದರು. ನಾನು ಕೊಡಕ್ಕೆ ಕೈಹಾಕಿದೆನು. “ಬ್ಯಾಡೋ ಮಗನ, ನಡಾ ಹಿಡದೀತು” ಎಂದರು. ಮೂರು ಮಹಡಿಯನ್ನೇರುವವರೆಗೂ, ಒಂದು ಕೈಯನ್ನು ಮುಂದೆ ಚಾಚಿಕೊಂಡೇ, ನನ್ನ ಹಿಂದೆ ಬಂದರು.