ಉಪ್ಪು ಸಕ್ಕರೆಯ ನೀರು

ರೋಗಾಣು ಎಂದರೆ ನಮ್ಮಲ್ಲಿ ಹೆಚ್ಚಿನವರ ಮನಸ್ಸಿಗೆ ಬರುವುದು ಕನ್ನ ಹಾಕುವ ಕಳ್ಳನ ಚಿತ್ರ. ಮೂಗಿನಿಂದಲೋ ಬಾಯಿಂದಲೋ ಒಳಗೆ ನುಗ್ಗಿ, ಸಿಕ್ಕಿದ್ದನ್ನು ತಿಂದು, ಮನೆ ಹಾಳು ಮಾಡಿ ಹೋಗುವವನು. ಕೆಲವು ರೋಗಾಣುಗಳು ಹಾಗೆಯೇ ಇವೆ ಅನ್ನಿ. ಟೈಫಾಯ್ಡಿನದು ಕರುಳಿನ ಗೋಡೆ ದಾಟಿ, ನಮ್ಮನ್ನು ಕಾಯಬೇಕಾದ ರಕ್ಷಕ ಕೋಶಗಳ ಒಳಗೇ ಅಡಗಿ ಕೂತು, ಮೈಯೆಲ್ಲ ಸುತ್ತುತ್ತದೆ. ರಕ್ತಭೇದಿಯದು ಗೋಡೆಯನ್ನೇ ಕೊರೆದು ಹುಣ್ಣು ಮಾಡುತ್ತದೆ. ಆದರೆ ಇವೆರಡಕ್ಕಿಂತ ಬೇಗ, ಕೆಲವೇ ಗಂಟೆಗಳಲ್ಲಿ ಗಟ್ಟಿಮುಟ್ಟಾದ ಆಳನ್ನು ಮಲಗಿಸಿಬಿಡುವ ಕಾಲರಾ ರೋಗಾಣು ಮಾತ್ರ ಮನೆಯೊಳಗೆ ಕಾಲಿಡುವುದೇ ಇಲ್ಲ. ಜಗಲಿಯಲ್ಲಿ ಕೂತೇ ಕೆಲಸ ಮುಗಿಸುತ್ತದೆ. ಇದನ್ನು ಮೊದಲು ಓದಿದ ದಿನ ನಾನು ಪುಸ್ತಕ ಮಡಚಿಟ್ಟು ಬಹಳ ಹೊತ್ತು ಸುಮ್ಮನೆ ಕೂತಿದ್ದೆ. ಅದಕ್ಕೆ ಕಾರಣ ನಮ್ಮಜ್ಜಿ. ಆ ಮಾತಿಗೆ ಮುಂಚೆ ಈ ಜಗಲಿಯ ವ್ಯವಹಾರವನ್ನು ಸ್ವಲ್ಪ ಹೇಳಬೇಕು.

ನಾವು ದಿನಕ್ಕೆ ಕುಡಿದು ತಿಂದು ಒಳಗೆ ಇಳಿಸುವ ನೀರು ಸುಮಾರು 2 ಲೀಟರು. ಅದರ ಜೊತೆಗೆ ಜೊಲ್ಲು, ಜಠರದ ರಸ, ಪಿತ್ತ ಎಲ್ಲ ಸೇರಿ ಇನ್ನೊಂದು 6–7 ಲೀಟರು ಕರುಳಿಗೆ ಬರುತ್ತದೆ. ಇಷ್ಟರಲ್ಲಿ ಮಲದೊಂದಿಗೆ ಹೊರಗೆ ಹೋಗುವುದು ಒಂದು ಲೋಟದಷ್ಟು ಮಾತ್ರ. ಉಳಿದದ್ದನ್ನೆಲ್ಲ ಕರುಳು ಹೀರಿ ರಕ್ತಕ್ಕೆ ವಾಪಸು ಕೊಡುತ್ತದೆ. ಎರಡು ದಿನಕ್ಕೊಮ್ಮೆ ನಲ್ಲಿ ಬರುವ ನಮ್ಮ ಬೀದಿಯಲ್ಲಿ ಕೂಡ ಇಷ್ಟು ಜೋಪಾನವಾಗಿ ನೀರು ಉಳಿಸುವ ಗೃಹಿಣಿಯನ್ನು ನಾನು ಕಂಡಿಲ್ಲ.

ಕಾಲರಾ ರೋಗಾಣು ಕರುಳಿನ ಗೋಡೆಗೆ ಅಂಟಿಕೊಂಡು ಒಂದು ವಿಷ ಬಿಡುತ್ತದೆ. ವಿಷದ ಒಂದು ಭಾಗ ಕೋಶದ ಮೈಯನ್ನು ಹಿಡಿದುಕೊಳ್ಳುತ್ತದೆ, ಇನ್ನೊಂದು ಭಾಗ ಒಳಗೆ ಜಾರುತ್ತದೆ. ಒಳಗೆ ಹೋದದ್ದು ಏನನ್ನೂ ಒಡೆಯುವುದಿಲ್ಲ, ಸುಡುವುದಿಲ್ಲ. ಕೋಶಕ್ಕೆ ಉಪ್ಪನ್ನು ಹೊರಬಿಡುವ ಬಾಗಿಲೊಂದಿದೆ. ಬೇಕಾದಾಗ ತೆಗೆದು ಬೇಡವಾದಾಗ ಮುಚ್ಚಿಕೊಳ್ಳುತ್ತದೆ. ವಿಷ ಅದರ ಸ್ವಿಚ್ಚನ್ನು ಆನ್ ಆದಲ್ಲೇ ಸಿಕ್ಕಿಸಿಬಿಡುತ್ತದೆ, ಅಷ್ಟೆ. ಉಪ್ಪು ಹೊರಗೆ ಹರಿಯುತ್ತದೆ, ಉಪ್ಪಿನ ಹಿಂದೆ ನೀರು. ಮೇಲಿನ ಟ್ಯಾಂಕು ತುಂಬಿ ಚೆಲ್ಲುತ್ತಿದ್ದರೂ ಮೋಟಾರು ನಿಲ್ಲದಿದ್ದರೆ ಕೆಳಗೆ ಸಂಪು ಬರಿದಾಗುತ್ತದಲ್ಲ, ಹಾಗೆ. ಇಲ್ಲಿ ಸಂಪು ಎಂದರೆ ನಮ್ಮ ರಕ್ತ. ರೋಗ ಜೋರಾದರೆ ಗಂಟೆಗೆ ಒಂದು ಲೀಟರಿನವರೆಗೂ ಹೋಗಬಹುದು. ಭೇದಿ ಅಕ್ಕಚ್ಚಿನ ಬಣ್ಣಕ್ಕೆ ತಿರುಗುತ್ತದೆ. ಕಣ್ಣು ಗುಳಿ ಬೀಳುತ್ತದೆ, ಬಟ್ಟೆ ಒಗೆದವರ ಕೈಯಂತೆ ಬೆರಳು ಸುಕ್ಕುಗಟ್ಟುತ್ತದೆ, ದನಿ ಉಡುಗುತ್ತದೆ, ಕೊನೆಗೆ ನಾಡಿ ಸಿಗುವುದಿಲ್ಲ. ಇಷ್ಟಾದರೂ ಕರುಳಿನ ಗೋಡೆ ಮಾತ್ರ ನೆಟ್ಟಗೇ ನಿಂತಿರುತ್ತದೆ.

ರೋಗಾಣುವಿಗೆ ಇದರಿಂದ ಸಿಗುವ ಲಾಭ ಸರಳ. ಆ ಪ್ರವಾಹದಲ್ಲಿ ಕೋಟಿಗಟ್ಟಲೆ ಮರಿಗಳು ತೇಲಿಕೊಂಡು ಮುಂದಿನ ಕೆರೆಗೋ ಬಾವಿಗೋ ಸೇರುತ್ತವೆ. ಇನ್ನೊಂದು ವಿಚಿತ್ರ ಕೇಳಿ: ಆ ವಿಷ ಮಾಡುವ ವಿದ್ಯೆ ಕೂಡ ಅದರ ಸ್ವಂತದ್ದಲ್ಲ. ರೋಗಾಣುವಿಗೇ ತಗಲುವ ಒಂದು ವೈರಸ್ಸು ಅದನ್ನು ತಂದು ಕೊಟ್ಟಿದ್ದು ಎಂದು 1996ರಲ್ಲಿ ಪತ್ತೆಯಾಯಿತು. ಹೇಳಿಕೊಟ್ಟ ಬುದ್ಧಿ ಎಷ್ಟು ಕಾಲ ಎಂಬ ಮಾತು ಇದರ ವಿಷಯದಲ್ಲಿ ನಡೆಯುವುದಿಲ್ಲ.

ನಮ್ಮಜ್ಜಿ ಎಂಟು ಹೆತ್ತವಳು, ಉಳಿದದ್ದು ಐದು. ಹೋದ ಮೂವರಲ್ಲಿ ಇಬ್ಬರ ವಿಷಯ ಅವಳು ಆಗಾಗ ಆಡುತ್ತಿದ್ದಳು. ಒಂದರ ವಿಷಯ ಎತ್ತುತ್ತಿರಲಿಲ್ಲ. ಅದನ್ನು ನನಗೆ ಹೇಳಿದವಳು ದೊಡ್ಡಮ್ಮ. 1940ರ ದಶಕದಲ್ಲಿ ಒಂದು ಸಲ ಜಾತ್ರೆ ಮುಗಿದ ಮೇಲೆ ಊರಿಗೆ ಕಾಲರಾ ಬಂತು. ನಾಲ್ಕು ವರ್ಷದ ಹುಡುಗಿಗೆ ಬೆಳಿಗ್ಗೆ ಶುರುವಾಯಿತು. ಮಗು "ನೀರು, ಅವ್ವಾ" ಅಂತ ಒಂದೇ ಸಮನೆ ಕೇಳುತ್ತಿತ್ತು. "ಹನಿ ನೀರು ಹಾಕಬೇಡ, ಹುಯ್ದಷ್ಟೂ ಹೋಗುತ್ತೆ" ಎಂದು ಅಜ್ಜಿಯ ಮಾವ ಬಾಗಿಲಲ್ಲೇ ಕೂತು ಹೇಳಿದರು. ಅಜ್ಜಿ ಬಟ್ಟೆಯ ಚುಂಗು ಒದ್ದೆ ಮಾಡಿ ತುಟಿಗೆ ಒತ್ತುತ್ತಿದ್ದಳಂತೆ. ದೀಪ ಹಚ್ಚುವ ಹೊತ್ತಿಗೆ ಮಗು ಇರಲಿಲ್ಲ.

ಆ ಹಿರಿಯರು ಕೆಟ್ಟವರಾಗಿರಲಿಲ್ಲ. ತೂತು ಬಿದ್ದ ಕೊಡಕ್ಕೆ ನೀರು ತುಂಬಿ ಏನು ಪ್ರಯೋಜನ ಎಂಬ ಲೆಕ್ಕ ಅವರದು. ಕೇಳಿದರೆ ನ್ಯಾಯವಾಗಿಯೇ ಕಾಣುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಯುರೋಪಿನ ಓದಿದ ವೈದ್ಯರು ಇನ್ನೂ ಘೋರ. ಕಾಲರಾ ರೋಗಿಯ ರಕ್ತ ತೆಗೆಯುತ್ತಿದ್ದರು, ಭೇದಿಯಾದವನಿಗೆ ಮತ್ತೆ ಭೇದಿಗೇ ಔಷಧಿ ಕೊಡುತ್ತಿದ್ದರು. ಕೊಡ ತೂತಾಗಿಲ್ಲ, ಸ್ವಿಚ್ಚು ಸಿಕ್ಕಿಕೊಂಡಿದೆ ಎಂದು ಯಾರಿಗೂ ಗೊತ್ತಿರಲಿಲ್ಲ.

ಅದನ್ನು ತೋರಿಸಿದವರು ಕಲ್ಕತ್ತೆಯ ಶಂಭುನಾಥ್ ಡೇ. ರಾಬರ್ಟ್ ಕಾಕ್ 1884ರಲ್ಲಿ ಅದೇ ಊರಿನಲ್ಲಿ ಕಾಲರಾ ರೋಗಾಣುವನ್ನು ಗುರುತಿಸಿ ಹೋಗಿ ಮುಕ್ಕಾಲು ಶತಮಾನವೇ ಆಗಿತ್ತು. ಡೇ ಅವರು ಮೊಲದ ಕರುಳಿನ ಒಂದು ತುಂಡನ್ನು ಎರಡೂ ಕಡೆ ದಾರದಿಂದ ಕಟ್ಟಿ, ನಡುವೆ ರೋಗಾಣು ಬಿಟ್ಟು ನೋಡಿದರು. ಕರುಳು ನೀರು ತುಂಬಿ ಉಬ್ಬಿತು. ಆಮೇಲೆ ರೋಗಾಣುಗಳನ್ನೆಲ್ಲ ಸೋಸಿ ತೆಗೆದು ಬರೀ ತಿಳಿಯನ್ನು ಬಿಟ್ಟರು, ಆಗಲೂ ಉಬ್ಬಿತು. ಅಂದರೆ ಕೆಲಸ ಮಾಡುತ್ತಿರುವುದು ವಿಷ, ಅದೂ ಕರುಳಿನಲ್ಲೇ. ಅದು ಪ್ರಕಟವಾದದ್ದು 1959ರಲ್ಲಿ. ಬದುಕಿದ್ದಾಗ ನಮ್ಮ ದೇಶ ಅವರನ್ನು ಹೆಚ್ಚು ವಿಚಾರಿಸಲಿಲ್ಲ. ಅವರು ತೀರಿಕೊಂಡದ್ದು 1985ರಲ್ಲಿ. ಬೆಂಗಳೂರಿನಿಂದ ಹೊರಡುವ 'ಕರೆಂಟ್ ಸೈನ್ಸ್' ಪತ್ರಿಕೆ ಅವರಿಗಾಗಿ ವಿಶೇಷ ಸಂಚಿಕೆ ತಂದದ್ದು 1990ರಲ್ಲಿ. ನಮ್ಮಲ್ಲಿ ಹಾರ ತಲುಪುವುದು ಯಾವಾಗಲೂ ಫೋಟೋಕ್ಕೇ.

ಇನ್ನು ಬಾಗಿಲಿನ ಮಾತು. ಕರುಳಿನ ಕೋಶಕ್ಕೆ ಉಪ್ಪನ್ನು ಒಳಗೆ ತೆಗೆದುಕೊಳ್ಳುವ ಇನ್ನೊಂದು ಬಾಗಿಲಿದೆ. ಅಲ್ಲಿ ಉಪ್ಪು ಒಂದೇ ಬಂದರೆ ಪ್ರವೇಶವಿಲ್ಲ, ಸಕ್ಕರೆಯ ಕೈ ಹಿಡಿದು ಬರಬೇಕು. ಇವೆರಡೂ ಒಳಗೆ ಹೋದರೆ ಹಿಂದೆಯೇ ನೀರೂ ಹೋಗುತ್ತದೆ. ಇದು ತಿಳಿದದ್ದು 1960ರಲ್ಲಿ. ನಮ್ಮ ಪುಣ್ಯಕ್ಕೆ ಕಾಲರಾದ ವಿಷ ಈ ಬಾಗಿಲನ್ನು ಮುಟ್ಟುವುದಿಲ್ಲ! ಬರೀ ನೀರು ಕುಡಿಸಿದರೆ ಸಾಲದು, ಬರೀ ಉಪ್ಪುನೀರೂ ಸಾಲದು; ಮೂರೂ ಅಳತೆಯಲ್ಲಿ ಕೂಡಬೇಕು.

1971ರಲ್ಲಿ ಬಾಂಗ್ಲಾದಿಂದ ನಿರಾಶ್ರಿತರು ಗಡಿ ದಾಟಿ ಬಂದಾಗ ಬನ್‌ಗಾಂವ್ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳು ನೆಲದ ಮೇಲೆಲ್ಲ ಮಲಗಿದ್ದರು. ಡ್ರಿಪ್ಪಿನ ಬಾಟಲಿಗಳು ಮುಗಿಯುತ್ತ ಬಂದಿದ್ದವು. ಡಾಕ್ಟರ್ ದಿಲೀಪ್ ಮಹಾಲನಬಿಸ್ ಉಪ್ಪು, ಗ್ಲೂಕೋಸು, ಅಡುಗೆ ಸೋಡಾ ಸೇರಿಸಿದ ಪುಡಿಯನ್ನು ನೀರಿನಲ್ಲಿ ಕಲಸಿ ಡ್ರಮ್ಮುಗಳಲ್ಲಿಟ್ಟರು. ಲೋಟದಲ್ಲಿ ಹಿಡಿದು ಕುಡಿಸಿದವರು ರೋಗಿಗಳ ತಾಯಂದಿರು, ಅಕ್ಕತಂಗಿಯರು, ಬಂಧುಗಳು. ಮೊದಲು ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕಡಿಮೆಯಾಯಿತು. ಅವರಿಗೆ ಪದ್ಮವಿಭೂಷಣ ಬಂದದ್ದು 2023ರಲ್ಲಿ, ಅವರು ಹೋದ ಮರುವರ್ಷ. ಮತ್ತೆ ಫೋಟೋಕ್ಕೇ ಹಾರ.

ನಾನು ಇದನ್ನೆಲ್ಲ ಓದುವಾಗ ಅಜ್ಜಿ ಇನ್ನೂ ಇದ್ದಳು. ಎಂಬತ್ತು ದಾಟಿತ್ತು, ಕಿವಿ ಚುರುಕಾಗಿತ್ತು. ಮಗುವನ್ನು ಉಳಿಸಬಹುದಾದದ್ದು ನಿನ್ನ ಗೂಡಿನ ಉಪ್ಪಿನ ಮರಿಗೆಯಲ್ಲೂ ಬೆಲ್ಲದ ಡಬ್ಬದಲ್ಲೂ ಇತ್ತು ಎಂದು ಅವಳಿಗೆ ಹೇಳಲೋ? ಆ ಹೊತ್ತಿಗೆ ಜಗತ್ತಿನಲ್ಲೇ ಯಾರಿಗೂ ಗೊತ್ತಿರಲಿಲ್ಲ ಎಂಬುದು ಪುಸ್ತಕ ಓದುವ ನನಗೆ ಸಮಾಧಾನ. ತುಟಿಗೆ ಬಟ್ಟೆ ಒತ್ತಿದವಳಿಗೆ ಅಲ್ಲ. ಹೇಳಲಿಲ್ಲ. ಹಾಗೆ ಮಾಡಿದ್ದೇ ಸರಿ ಎಂದು ಈಗಲೂ ಅನ್ನಿಸುತ್ತದೆ.

ಆದರೆ ಬೇರೆಯವರಿಗೆ ಹೇಳದೆ ಬಿಡುವುದಿಲ್ಲ. ಕಳೆದ ಬೇಸಿಗೆಯಲ್ಲಿ ನಮ್ಮ ಮೇಲಿನ ಮನೆಯ ಒಂದೂವರೆ ವರ್ಷದ ಮಗುವಿಗೆ ವಾಂತಿ, ಭೇದಿ. ಕಾಲರಾ ಅಲ್ಲ, ಮಕ್ಕಳಿಗೆ ಬರುವ ಮಾಮೂಲಿನದು. ಆದರೂ ನೀರಿನ ಲೆಕ್ಕ ಅದೇ. ಡಾಕ್ಟರು ಓಆರ್‌ಎಸ್ ಪೊಟ್ಟಣವನ್ನೂ ಸತುವಿನ ಮಾತ್ರೆಯನ್ನೂ ಕೊಟ್ಟು ಕಳಿಸಿದ್ದರು. ರಾತ್ರಿ ಹನ್ನೊಂದಕ್ಕೆ ಆ ಮನೆಯ ಸೊಸೆ ಬಂದು, "ಅಕ್ಕಾ, ಅತ್ತೆ ಕುಡಿಸೋಕೆ ಬಿಡ್ತಾ ಇಲ್ಲ" ಅಂದಳು. ಹೋಗಿ ನೋಡಿದರೆ ಆ ಹಿರಿಯಾಕೆ, "ಹುಯ್ದಷ್ಟೂ ಹೋಗ್ತಾನೇ ಇದೆ ಕಣಮ್ಮ, ನಿಂತೇ ಇಲ್ಲ" ಎಂದರು. ಅದೇ ಮಾತು! ಅವರು ಹೇಳಿದ್ದರಲ್ಲಿ ಸುಳ್ಳೇನೂ ಇಲ್ಲ. ಈ ನೀರು ಭೇದಿಯನ್ನು ತಕ್ಷಣ ನಿಲ್ಲಿಸುವುದಿಲ್ಲ, ಹೋದದ್ದನ್ನು ತುಂಬುತ್ತದೆ. ಎಷ್ಟೋ ಮನೆಗಳಲ್ಲಿ ನಂಬಿಕೆ ಕಳೆದುಕೊಳ್ಳುವುದು ಇಲ್ಲೇ.

ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಹಾಕಿಟ್ಟಿದ್ದರು. ಅದನ್ನು ಚೆಲ್ಲಿಸಿ, ಹೊಸ ಪೊಟ್ಟಣವನ್ನು ಅದರ ಮೇಲೆ ಬರೆದಿದ್ದಂತೆ ಪೂರ್ತಿ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಹಾಕಿಸಿದೆ. ಪೊಟ್ಟಣ ಸಿಗದಿದ್ದರೆ ಲೀಟರಿಗೆ ತಲೆ ಸವರಿದ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಸಕ್ಕರೆ ಹೆಚ್ಚಾದರೆ ಅದೇ ನೀರನ್ನು ಹೊರಗೆಳೆಯುತ್ತದೆ, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಮಗು ಕಕ್ಕಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಒಂದೊಂದೇ ಚಮಚ. ಕಣ್ಣು ಗುಳಿ ಬಿದ್ದು, ಮಂಕಾಗಿ, ಕುಡಿಯಲೂ ಆಗದಿದ್ದರೆ ಆ ಕ್ಷಣವೇ ಆಸ್ಪತ್ರೆಗೆ ಎಂದು ಹುಡುಗಿಯ ಗಂಡನಿಗೂ ಹೇಳಿ, ಸ್ಕೂಟರಿನ ಕೀಲಿ ಕೈಯಲ್ಲೇ ಇಟ್ಟುಕೊಳ್ಳುವಂತೆ ಮಾಡಿದೆ.

ಹುಡುಗಿಯೂ ನಾನೂ ಸರದಿಯ ಮೇಲೆ ಚಮಚ ಹಿಡಿದೆವು. ಎರಡು ಗಂಟೆಯ ಮೇಲೆ ಅತ್ತೆಯೇ ಬಂದು, "ಕೊಡಿ ಇಲ್ಲಿ, ನೀವು ಸ್ವಲ್ಪ ಒರಗಿಕೊಳ್ಳಿ" ಎಂದು ಚಮಚ ಇಸಿದುಕೊಂಡರು. ನಾಲ್ಕೂವರೆ ಇರಬೇಕು, ಅವರು ಕೂಗಿಕೊಂಡರು. ಎದ್ದು ಓಡಿದೆವು. ಮಗು ಅವರ ಸೀರೆಯ ಮೇಲೆ ಉಚ್ಚೆ ಹುಯ್ದಿತ್ತು.